ಏನಿಲ್ಲ ಮೇಷ್ಟ್ರ ಐವತ್ತೆಂಟು ಕಿಲೋಮೀಟರು

ನಮ್ಮಣ್ಣನ ಹತ್ತಿರ ಕಾರು ಕಲಿಯದವರ ಮನೆ ನಮ್ಮ ಊರಿನಲ್ಲಿ ಹುಡುಕಿದರೆ ಸಿಕ್ಕೀತು, ಆದರೆ ಕಾಲು ನೋಯುವಷ್ಟು ಹುಡುಕಬೇಕು. ಇಪ್ಪತ್ತೇಳು ವರ್ಷದಿಂದ ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸ್ಕೂಲು ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಶಟರಿನ ಒಂದು ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಕುಂಟುವ ಒಂದು ಮೇಜು, ಹೊರಗೆ ಎರಡು ಕಾರು. ಕಲಿಯುವವರು ಬಲಗಡೆ, ಅಣ್ಣ ಎಡಗಡೆ. ಅವನ ಕಾಲಡಿಯಲ್ಲೂ ಒಂದು ಬ್ರೇಕು. ಎದುರಿಗೆ ಲಾರಿ ಬರಲಿ, ನಾಯಿ ಅಡ್ಡ ಬರಲಿ, ಕಲಿಯುವವರು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳಲಿ, ಅಣ್ಣ ಮೆಲ್ಲಗೆ ತನ್ನ ಬ್ರೇಕು ಒತ್ತಿ, "ಏನಿಲ್ಲ, ಏನಿಲ್ಲ, ನಡೀರಿ" ಅನ್ನುತ್ತಾನೆ. ಲಾರಿ ಆಚೆ ಹೋದ ಮೇಲೆ, ಕಾರನ್ನು ಪಕ್ಕಕ್ಕೆ ಹಾಕಿಸಿ, ನೀರು ಕುಡಿಸಿ, ಆಗ ಬಾಯಿ ಬಿಡುತ್ತಾನೆ: "ಈಗ ಕೂದಲೆಳೆಯಲ್ಲಿ ಉಳ್ಕೊಂಡ್ವಿ ನೋಡಿ." ಸ್ಟೀರಿಂಗ್ ಹಿಡಿದವರಿಗೆ ಗಾಬರಿ ಮಾಡಬಾರದು ಎಂಬುದು ಅವನ ಮೊದಲ ಪಾಠ, ಕೊನೆಯ ಪಾಠವೂ ಅದೇ. ಅದಕ್ಕೇ ಅವನಿಗೆ ಊರಲ್ಲೆಲ್ಲ "ಏನಿಲ್ಲ ಮೇಷ್ಟ್ರು" ಎಂದೇ ಹೆಸರು. ಅದು ಅವನಿಗೂ ಗೊತ್ತು.

ನಾನು ಅವನ ತಂಗಿ. ಅದೇ ಮನೆಯ ಮಹಡಿ ಮೇಲೆ ನನ್ನ ಎರಡು ಕೋಣೆ. ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಮೂಗಿನ ಮೇಲೆ ಜಾರುವುದನ್ನು ಸರಿಪಡಿಸುವುದು. ನನಗೂ ಕಾರು ಕಲಿಸಿದವನು ಅವನೇ. ಊರವರಿಗೆಲ್ಲ ಮೂವತ್ತು ದಿನದಲ್ಲಿ ಲೈಸೆನ್ಸ್ ಕೊಡಿಸುವವನು, ಸ್ವಂತ ತಂಗಿಯನ್ನು ಮಾತ್ರ ಏಳು ತಿಂಗಳು ಕಾಡಿದ. "ಕೈ ಇನ್ನೂ ಕೂತಿಲ್ಲ ಕಣೇ" ಎಂದು ಮೂರು ಸಲ ಪರೀಕ್ಷೆಯ ದಿನವನ್ನೇ ಮುಂದೂಡಿಸಿದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅತ್ತಿಗೆಗೂ ಅವನೇ ಕಲಿಸಿದ್ದು. ಮದುವೆಯಾದ ಮೇಲೆ ಅವರು ಎಲ್ಲಿಗೆ ಹೋದರೂ ಅತ್ತಿಗೆ ಸ್ಟೀರಿಂಗಿಗೆ, ಅಣ್ಣ ಎಡಗಡೆಗೆ. ಅವನಿಗೆ ಬಲಗಡೆಯ ಸೀಟಿನಲ್ಲಿ ಕೂತರೆ ಏನೋ ಕಳೆದುಕೊಂಡವನ ಹಾಗೆ ಆಗುತ್ತಿತ್ತಂತೆ. "ನಿಮ್ಮಣ್ಣನಿಗೆ ಗಾಡಿ ಓಡ್ಸೋಕೆ ಬರಲ್ಲ, ನಿಲ್ಲಿಸೋಕೆ ಮಾತ್ರ ಬರುತ್ತೆ" ಎಂದು ಅತ್ತಿಗೆ ನಗುತ್ತಿದ್ದರು. ಅವರಿಬ್ಬರಿಗೆ ಒಬ್ಬಳೇ ಮಗಳು. ನಾವು ಅವಳನ್ನು ಸಣ್ಣಿ ಅನ್ನುತ್ತೇವೆ. ಮದುವೆಯಾಗಿ ಗಡಿಯ ಆ ಕಡೆಯ ಊರಿನಲ್ಲಿದ್ದಾಳೆ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ಐವತ್ತೆಂಟು ಕಿಲೋಮೀಟರು. ಗಡಿಯೊಂದು ಇಲ್ಲದಿದ್ದರೆ ಸಂಜೆ ಕಾಫಿಗೆ ಹೋಗಿ ಬರಬಹುದು. ಇರುವುದರಿಂದ ಪರ್ಮಿಟ್ಟು ಬೇಕು. ಹತ್ತಿರದ ನೆಂಟರಿಗೂ, ಎಷ್ಟೇ ತುರ್ತಿದ್ದರೂ, ನಾಲ್ಕು ದಿನ ಹಿಡಿಯುತ್ತದೆ.

ಈಗ ಅತ್ತಿಗೆ ಆಸ್ಪತ್ರೆಯಲ್ಲಿದ್ದ ಮೂರು ದಿನದ ವಿಷಯ ಹೇಳಿಬಿಡುತ್ತೇನೆ, ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಅತ್ತಿಗೆಗೆ ಒಂದು ಭಾನುವಾರ ಮಧ್ಯಾಹ್ನ ಎದೆ ಹಿಡಿದುಕೊಂಡಿತು. ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ನಳಿಗೆ, ಕೈಗೆ ಸೂಜಿ, ಆದರೆ ಎಚ್ಚರವಿತ್ತು, ಮಾತೂ ಇತ್ತು. ಅವತ್ತೇ ಸಂಜೆ, "ಸಣ್ಣಿಗೆ ಹೇಳಿದ್ರಾ?" ಎಂದು ಕೇಳಿದರು. ಅಣ್ಣ, "ಹೇಳ್ದೆ. ಹೊರಟಿದಾಳೆ" ಅಂದ. ಹೇಳಿರಲಿಲ್ಲ. ಸೋಮವಾರ ಸಣ್ಣಿಯೇ ಅಮ್ಮನ ಫೋನಿಗೆ ಮಾಡಿದಳು. ಅಣ್ಣ ಅದನ್ನು ಹಿಡಿದುಕೊಂಡು ವಾರ್ಡಿನ ಹೊರಗೆ ಹೋಗಿ, "ಏನಿಲ್ಲಮ್ಮ, ಸ್ವಲ್ಪ ಸುಸ್ತು, ಮಲಗಿದಾಳೆ" ಅಂದ. ನಾನು ಪಕ್ಕದಲ್ಲೇ ಇದ್ದೆ. "ಅಣ್ಣಾ, ಹೇಳ್ಬಾರ್ದಾ?" ಅಂದೆ. "ಹೇಳಿದ್ರೂ ಗುರುವಾರಕ್ಕೆ ಮುಂಚೆ ಬರೋಕಾಗಲ್ಲ. ಅಲ್ಲಿವರೆಗೂ ಒದ್ದಾಡ್ತಾಳೆ. ಗುರುವಾರದೊಳಗೆ ಇವಳು ಮನೆಗೇ ಬಂದಿರ್ತಾಳೆ ಬಿಡು" ಅಂದ. ಲೆಕ್ಕ ಸರಿಯಾಗಿತ್ತು. ನಾನೂ ಬಾಯಿ ಮುಚ್ಚಿಕೊಂಡೆ. ಬುಧವಾರ ಬೆಳಗ್ಗೆ ನಾನು ಬಟ್ಟೆ ತರಲು ಮನೆಗೆ ಬಂದಿದ್ದಾಗ ಅತ್ತಿಗೆ ಹೋಗಿಬಿಟ್ಟರು.

ಸಣ್ಣಿ ಬರುವ ಹೊತ್ತಿಗೆ ಮತ್ತೆ ಭಾನುವಾರವಾಗಿತ್ತು. ಎಲ್ಲ ಮುಗಿದು, ನೆಲ ಒರೆಸಿ, ಮಂಚದ ಹಾಸಿಗೆಯನ್ನೂ ಮಡಚಿ ಇಟ್ಟಾಗಿತ್ತು. ಅವಳು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು ಕೇಳಿದಳು, "ಯಾವತ್ತು ಸೇರಿಸಿದ್ದು?"

"ಭಾನುವಾರ," ಅಂದ ಅಣ್ಣ. "ಹೇಳಿದ್ರೂ ನಿನಗೆ ಬರೋಕಾಗ್ತಿರಲಿಲ್ಲಮ್ಮ, ಪರ್ಮಿಟ್ಟಿಗೆ ನಾಲ್ಕು ದಿನ..."

"ಬರೋಕಾಗ್ದಿದ್ರೆ ಹೋಗ್ಲಿ, ಫೋನಲ್ಲಿ ಮಾತಾಡ್ತಿದ್ದೆನಲ್ಲ ಅಪ್ಪಾ. ಮೂರು ದಿನ ಮಾತಾಡ್ತಿದ್ದೆನಲ್ಲ."

ಈ ಒಂದು ವಿಷಯ ಅಣ್ಣನ ತಲೆಗೇ ಹೊಳೆದಿರಲಿಲ್ಲ, ನನ್ನ ತಲೆಗೂ ಹೊಳೆದಿರಲಿಲ್ಲ. ಇಬ್ಬರೂ ರಸ್ತೆ, ಗಡಿ, ದಿನ ಲೆಕ್ಕ ಹಾಕುತ್ತ ಕೂತಿದ್ದೆವು. ಸಣ್ಣಿ ಮಾರನೆಯ ಬೆಳಗ್ಗೆ ಹೊರಟುಹೋದಳು. ಆಮೇಲೆ ಅಪ್ಪನಿಗೆ ಒಂದು ಫೋನೂ ಇಲ್ಲ.

ಮನೆ ಅಂದರೆ ಮನೆಯಾಗಿರಲಿಲ್ಲ ಆಗ. ಗಲಾಟೆ ಅಳು ಏನೂ ಇಲ್ಲ, ಅದೇ ವಿಚಿತ್ರ. ಅಣ್ಣ ಆರಕ್ಕೆ ಏಳುವನು, ಏಳಕ್ಕೆ ಮೊದಲ ಪಾಠ, ಒಂದಕ್ಕೆ ಊಟ, ನಾಲ್ಕಕ್ಕೆ ಮತ್ತೆ ಪಾಠ. ತಟ್ಟೆಗೆ ಏನು ಹಾಕಿದರೂ ತಿನ್ನುವನು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ತಿಂದೆದ್ದು ಕೈ ತೊಳೆದ. ನಾನೂ ಹಾಗೇ ತಿಂದಿದ್ದೆ, ಪಾತ್ರೆ ತೊಳೆಯುವಾಗ ಉಳಿದದ್ದನ್ನು ನೆಕ್ಕಿ ನೋಡಿದಾಗ ಗೊತ್ತಾಯಿತು. ದುಃಖ ಅಂದರೆ ಉಕ್ಕಿ ಬರುತ್ತದೆ ಅನ್ನುತ್ತಾರಲ್ಲ, ನಮಗೆ ಅಂಥದ್ದೇನೂ ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಇದ್ದೆವು. ಅಂಗಡಿಯಲ್ಲಿ ಯಾರಾದರೂ, "ಪಾಪ, ನಿಮ್ಮತ್ತಿಗೆ..." ಅಂತ ಶುರು ಮಾಡಿದರೆ, "ಹೂಂ, ಹೋಗ್ಬಿಟ್ರು. ಇದು ಮೂಗಿನ ಮೇಲೆ ಬಿಗಿಯಾಗುತ್ತಾ ನೋಡಿ" ಅನ್ನುತ್ತಿದ್ದೆ. ಹಾಗೆ ನಾಲ್ಕು ತಿಂಗಳು ಕಳೆಯಿತು.

ಒಂದು ಸಂಜೆ ಅಣ್ಣ ಮೇಲೆ ಬಂದ. ಕೈಯಲ್ಲಿ ರೂಲು ಹಾಕಿದ ನೋಟ್‌ಬುಕ್ಕು. "ಸಣ್ಣಿ ಹತ್ರ ಹೋಗಿ ಬರೋಣ ಅಂತಿದೀನಿ. ನೀನು ಗಾಡಿ ಓಡಿಸ್ತೀಯಾ?"

ನನಗೆ ನಿಜಕ್ಕೂ ಸಂತೋಷವಾಯಿತು. ತಿಂಗಳುಗಟ್ಟಲೆ ಆದ ಮೇಲೆ ಏನೋ ಒಂದು ಅನ್ನಿಸಿದ್ದೇ ಅವತ್ತು. "ಯಾವಾಗ?" ಅಂದೆ.

"ಮೊದಲು ಪ್ಲಾನ್ ಆಗ್ಲಿ," ಅಂದ.

ಅಯ್ಯಪ್ಪಾ, ಆ ಪ್ಲಾನು! ಐವತ್ತೆಂಟು ಕಿಲೋಮೀಟರಿಗೆ ಹದಿನಾಲ್ಕು ಪುಟ. ಯಾವ ತಿರುವಿನಲ್ಲಿ ಎಷ್ಟನೇ ಗೇರು, ಎಲ್ಲಿ ಶಾಲೆ ಬಿಡುವ ಹೊತ್ತು, ಎಲ್ಲಿ ರಸ್ತೆ ಅಗೆದಿದ್ದಾರೆ, ಯಾವ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕ ಇದೆ. ಗಡಿಯಲ್ಲಿ ತೋರಿಸುವ ಕಾಗದಗಳ ಪಟ್ಟಿ, ಆ ಪಟ್ಟಿಗೆ ಎರಡು ನಕಲು. ಟೈರು ಬದಲಾಯಿಸಿದ. ಹೆಡ್‌ಲೈಟಿನ ಬಲ್ಬು ಬದಲಾಯಿಸಿದ, ಹೋಗಿ ಬರುವುದೆಲ್ಲ ಹಾಡಹಗಲಿನಲ್ಲಿ ಎಂದು ಅವನೇ ಬರೆದಿದ್ದರೂ. "ಚಂದ್ರಲೋಕಕ್ಕೆ ಹೋಗೋರೂ ಇಷ್ಟು ತಯಾರಿ ಮಾಡ್ಕೊಳಲ್ಲ" ಅಂದೆ. "ಅವರಿಗೆ ಎದುರಿಂದ ಗಾಡಿ ಬರಲ್ಲ" ಅಂದ. ನಗಲಿಲ್ಲ. ತಮಾಷೆಗೆ ಹೇಳಿದ್ದೂ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಲೈಸೆನ್ಸ್ ಪರೀಕ್ಷೆಗೆ ಮುಂಚೆ ತನ್ನ ಶಿಷ್ಯರನ್ನು ಅದೇ ರಸ್ತೆಯಲ್ಲಿ ಹತ್ತಾರು ಸಲ ಓಡಿಸುವುದು ಅವನ ಪದ್ಧತಿ. ನನಗೂ ಅದೇ ಗತಿ. ಪ್ರತಿ ಭಾನುವಾರ ಎಂಟು ಗಂಟೆಗೆ ನಾನು ಸ್ಟೀರಿಂಗಿಗೆ, ಅವನು ಎಡಗಡೆಗೆ. ಮೂವತ್ತೊಂದು ಕಿಲೋಮೀಟರು ಹೋಗಿ, ಗಡಿಯ ಗೇಟಿಗಿಂತ ಮುಂಚೆ ಇರುವ ಪಾರ್ಕಿಂಗ್ ಜಾಗದಲ್ಲಿ ನಿಲ್ಲುವುದು. ಫ್ಲಾಸ್ಕಿನಿಂದ ಕಾಫಿ ಕುಡಿಯುವುದು. ಕೆಂಪು-ಬಿಳಿ ಬಣ್ಣದ ಅಡ್ಡಗಂಬ ಏಳುವುದನ್ನೂ ಇಳಿಯುವುದನ್ನೂ ನೋಡುವುದು. ಅಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವುದು. ಆಮೇಲೆ ಗಾಡಿ ತಿರುಗಿಸಿ ಮನೆಗೆ. ಗೇಟಿನ ಕಾವಲಿನವನಿಗೆ ನಮ್ಮ ಗುರುತಾಗಿ ಕೈ ಬೀಸುವಷ್ಟಾಯಿತು. ನಾವು ಅಲ್ಲಿಗೆ ಗಾಳಿ ತಿನ್ನಲು ಬರುವ ಗಂಡ ಹೆಂಡತಿ ಅಂದುಕೊಂಡಿದ್ದನೋ ಏನೋ.

ಹನ್ನೊಂದನೆಯ ಭಾನುವಾರ ನನ್ನ ತಾಳ್ಮೆ ಹರಿಯಿತು. ಅದೇ ಪಾರ್ಕಿಂಗು, ಅದೇ ಕಾಫಿ. "ಮೂವತ್ತನೇ ಕಿಲೋಮೀಟರಲ್ಲಿ ಸ್ವಲ್ಪ ಬೇಗ ಬ್ರೇಕ್ ಹಾಕ್ದೆ. ಮುಂದಿನ ವಾರ ನೋಡ್ಕೋ" ಅಂದ.

"ಮುಂದಿನ ವಾರಾನೂ ಇಲ್ಲ, ಗಿಂದಿನ ವಾರಾನೂ ಇಲ್ಲ. ಪರ್ಮಿಟ್ ಯಾವಾಗ ಬರುತ್ತೆ?"

"ಹಾಕ್ಬೇಕು."

"ಇನ್ನೂ ಹಾಕಿಲ್ವಾ?"

"ಆ ಕಡೆಯಿಂದ ಪತ್ರ ಬರ್ಬೇಕಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ಕಡೆ ಇರುವವರು, ಇಂಥವರು ನಮ್ಮ ಮನೆಗೆ ಬರುತ್ತಿದ್ದಾರೆ, ಇವರು ನಮಗೆ ಇಂಥ ಸಂಬಂಧ ಎಂದು ಪತ್ರ ಕೊಡಬೇಕು. ಅದಿಲ್ಲದೆ ಅರ್ಜಿಯನ್ನು ಮುಟ್ಟುವುದೂ ಇಲ್ಲ. ಹದಿನಾಲ್ಕು ಪುಟ ತಿರುವಿದೆ. ಬಲ್ಬು ಇತ್ತು, ಚಿಲಕ ಇತ್ತು, ಅದೊಂದು ಇರಲಿಲ್ಲ.

"ಸಣ್ಣಿಗೆ ಕೇಳೇ ಇಲ್ವಾ ನೀನು? ಮೂರು ತಿಂಗಳಿಂದ ನನ್ನನ್ನ ಗಾಣದ ಎತ್ತಿನ ಹಾಗೆ ಸುತ್ತಿಸ್ತಿದೀಯಲ್ಲ, ಅವಳಿಗೆ ಗೊತ್ತೇ ಇಲ್ವಾ?"

"ಕೇಳ್ತೀನಿ. ನಿನ್ನ ಕೈ ಸರಿಯಾಗಿ ಕೂರ್ಲಿ."

"ನನ್ನ ಕೈಗೆ ಬೆಂಕಿ ಬೀಳ್ಲಿ! ಅವಳು ಬೇಡ ಅಂದ್ಬಿಟ್ರೆ ಅಂತ ತಾನೇ ನಿನ್ನ ಭಯ?"

ಅಣ್ಣ ಕಾಫಿಯ ಲೋಟವನ್ನು ಬಟ್ಟೆಯಿಂದ ಒರೆಸಿದ, ಮುಚ್ಚಳ ತಿರುಗಿಸಿ ಬಿಗಿ ಮಾಡಿದ. "ಹೂಂ," ಅಂದ. "ಬೇಡ ಅಂದ್ರೆ ಆಮೇಲೆ ಭಾನುವಾರ ಏನು ಮಾಡೋದು?"

ಗಾಡಿ ತಿರುಗಿಸಿದೆ. ಮನೆಗೆ ಬಂದವಳೇ ಮಹಡಿ ಹತ್ತಿ ಸಣ್ಣಿಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ನಿಮ್ಮಪ್ಪ ನಿನ್ನನ್ನ ನೋಡೋಕೆ ಮೂರು ತಿಂಗಳಿಂದ ಹೊರಡ್ತಿದಾನೆ ಕಣೇ. ಗೇಟಿನವರೆಗೂ ಬಂದು ವಾಪಸ್ ಹೋಗ್ತಿದಾನೆ. ಪತ್ರ ಕಳ್ಸು" ಅಂದೆ. "ಕಳಿಸ್ತೀನಿ ಅತ್ತೆ" ಅಂದಳು.

ಪತ್ರ ವಾರದಲ್ಲಿ ಬಂತು. ಲಕೋಟೆಯನ್ನು ಅಣ್ಣನ ಮೇಜಿನ ಮೇಲೆ, ರಸ್ತೆ ಚಿಹ್ನೆಗಳ ಪಟದ ಕೆಳಗೆ, ನಾನೇ ಒಡೆದೆ. ಬರುವವರು: ಒಬ್ಬರು. ಸಂಬಂಧ: ಅತ್ತೆ. ಅಷ್ಟೇ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅಪ್ಪ ಅನ್ನುವ ಮಾತು ಎಲ್ಲೂ ಇರಲಿಲ್ಲ. ಆ ಹುಡುಗಿಯ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕೂ ಅನ್ನಿಸಿತು.

ಅಣ್ಣ ಕನ್ನಡಕ ಹಾಕಿಕೊಂಡು ಓದಿದ. "ಸರಿ," ಅಂದ. ನೋಟ್‌ಬುಕ್ಕು ತೆಗೆದ. "ಹಾಗಾದ್ರೆ ನೀನೊಬ್ಳೇ ಓಡಿಸ್ಬೇಕು. ಆ ಕಡೆಯ ಇಪ್ಪತ್ತೇಳು ಕಿಲೋಮೀಟರು ನಾವು ನೋಡೇ ಇಲ್ಲ. ನಿಧಾನಕ್ಕೆ ಹೋಗು." ಹೊಸ ಪುಟ ತಿರುವಿ ಮತ್ತೆ ಒಂದರಿಂದ ಬರೆಯಲು ಶುರು ಮಾಡಿದ. ಅವನ ಅಕ್ಷರ ಎಂದಿನಷ್ಟೇ ನೇರವಾಗಿತ್ತು.

ಅರ್ಜಿ ಹಾಕಿ ಪರ್ಮಿಟ್ಟು ಬಂದ ಮೇಲೆ, ಹೊರಡುವ ಭಾನುವಾರ ಗೇಟಿನವರೆಗೆ ಜೊತೆಗೇ ಬಂದ. ಪಾರ್ಕಿಂಗಿನಲ್ಲಿ ಇಳಿದು, ಫ್ಲಾಸ್ಕು ಎತ್ತಿಕೊಂಡು, ಕಲ್ಲುಬೆಂಚಿನ ಮೇಲೆ ಕೂತ. "ನಾಲ್ಕು ಗಂಟೆ ಹೊತ್ತಿಗೆ ಬಾ. ಇಲ್ಲೇ ಇರ್ತೀನಿ," ಅಂದ. "ಅವಳಿಗೆ ಏನಾದ್ರೂ ಹೇಳ್ಬೇಕಾ?" ಅಂದೆ. "ಮೊದ್ಲು ಅವಳು ಏನು ಕೇಳ್ತಾಳೋ ಅದಕ್ಕೆ ಉತ್ತರ ಕೊಡು," ಅಂದ.

ಆ ಕಡೆಯ ರಸ್ತೆಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಈ ಕಡೆಯದರ ಹಾಗೇ ಇತ್ತು. ಸಣ್ಣಿಯ ಮನೆ ಮೂರನೆಯ ಮಹಡಿ. ಗಂಡನನ್ನು ಎಲ್ಲೋ ಹೊರಗೆ ಕಳಿಸಿದ್ದಳು. ಊಟ ಬಡಿಸಿದಳು, ಎದುರಿಗೆ ಕೂತಳು, ತಾನು ತಿನ್ನಲಿಲ್ಲ. ತೆಳ್ಳಗಾಗಿದ್ದಳು. ನಾನು ಕೈ ತೊಳೆದು ಬರುವುದನ್ನೇ ಕಾಯುತ್ತಿದ್ದವಳ ಹಾಗೆ, "ಅತ್ತೆ, ನಿಮ್ಮನ್ನ ಯಾಕೆ ಕರೆದೆ ಅಂತ ಗೊತ್ತಲ್ಲ. ಅಪ್ಪ ಹೇಳಲ್ಲ. ನೀವು ಅಲ್ಲಿದ್ರಿ. ಮೂರು ದಿನ ಏನೇನಾಯ್ತು, ಪೂರ್ತಿ ಹೇಳಿ" ಅಂದಳು.

ಹೇಳಿದೆ. ಒಂದನ್ನೂ ಬಿಡಲಿಲ್ಲ. "ನಿಮ್ಮಮ್ಮ ಮೊದಲ ದಿನಾನೇ ನಿನ್ನನ್ನ ಕೇಳಿದ್ರು ಕಣೇ. ನೀನು ಹೊರಟಿದೀಯ ಅಂತ ನಿಮ್ಮಪ್ಪ ಅಂದ. ಸೋಮವಾರಾನೂ ಅದೇ ಕೇಳಿದ್ರು, ಅದೇ ಅಂದ. ಮಂಗಳವಾರ ಸಂಜೆ, ನನ್ನ ತಲೆ ಬಾಚಿಬಿಡಮ್ಮ, ಹೀಗೆ ಕೆದರಿಕೊಂಡಿದ್ರೆ ಅವಳು ನೋಡಿ ಹೆದರ್ತಾಳೆ ಅಂದ್ರು. ಬಾಚಿದೆ. ಜಡೆ ಹಾಕ್ದೆ. ಬಾಗಿಲ ಕಡೆ ಮುಖ ಮಾಡಿ ಮಲಗಿಸು ಅಂದ್ರು. ಮಲಗಿಸಿದೆ. ಸುಳ್ಳು ಅಂತ ಗೊತ್ತಿದ್ದೂ ಬಾಚಿದೆ ನಾನು." ಇಷ್ಟನ್ನು ಹೇಳುವಾಗ ನನ್ನ ದನಿ ಅಂಗಡಿಯಲ್ಲಿ ಗಿರಾಕಿಗೆ ಗಾಜಿನ ನಂಬರು ಹೇಳುವ ಹಾಗೆಯೇ ಇತ್ತು. ಅದು ನನಗೇ ಅಸಹ್ಯವಾಯಿತು.

ಸಣ್ಣಿ ಮೇಜಿನ ಮೇಲಿನ ನೀರಿನ ಹನಿಯನ್ನು ಬೆರಳಿಂದ ಒರೆಸಿದಳು. "ಹಾಗಾದ್ರೆ ಅಮ್ಮನಿಗೆ ನಾನು ಹೊರಟಿದೀನಿ ಅಂತಾನೇ ಗೊತ್ತಿತ್ತು."

"ಹೂಂ."

"ಐವತ್ತೆಂಟು ಕಿಲೋಮೀಟರು. ಭಾನುವಾರ ಹೊರಟೋಳು ಬುಧವಾರ ಆದ್ರೂ ಬರ್ಲಿಲ್ಲ."

"ಸಣ್ಣಿ..."

"ಅಮ್ಮನ ಪಾಲಿಗೆ ನಾನು ಬರ್ದೇ ಇದ್ದೋಳು, ಅತ್ತೆ. ಕರೆದ್ರೂ ಬರ್ದೇ ಇದ್ದೋಳು."

ಎಂಟು ತಿಂಗಳಲ್ಲಿ ಒಮ್ಮೆಯೂ ನಾನು ಇದನ್ನು ಯೋಚಿಸಿರಲಿಲ್ಲ. ಪರ್ಮಿಟ್ಟಿನ ನಾಲ್ಕು ದಿನ ನಮಗೆ ನೆನಪಿತ್ತು. ನೋವಿನಲ್ಲಿ ಮಲಗಿ ಬಾಗಿಲು ನೋಡುತ್ತಿದ್ದವರಿಗೆ ಅದು ಎಲ್ಲಿ ನೆನಪಿರುತ್ತದೆ? ನಾವು ಒಳ್ಳೆಯದೆಂದು ಹೇಳಿದ ಸುಳ್ಳನ್ನು ಆ ಹುಡುಗಿಯ ತಲೆಗೆ ಕಟ್ಟಿದ್ದೆವು.

ನಾನು ಹೊರಡುವಾಗ ಬಾಗಿಲವರೆಗೆ ಬಂದಳು. "ಅಪ್ಪ ಎಲ್ಲಿದಾರೆ?"

"ಗೇಟಿನ ಹತ್ರ, ಬೆಂಚಿನ ಮೇಲೆ."

"ನಾನು ಈಗ ಅಂದಿದ್ದು ಅವರಿಗೆ ಹೇಳ್ಬೇಡಿ ಅತ್ತೆ. ತಡ್ಕೊಳಲ್ಲ ಅವರು."

ಇಪ್ಪತ್ತೇಳು ಕಿಲೋಮೀಟರೂ ನಾನು ಗಾಡಿಯೊಳಗೆ ಒಬ್ಬಳೇ ಬೈದುಕೊಂಡು ಬಂದೆ. ಅಪ್ಪ ಮಗಳಿಗೆ ಹೇಳಲಿಲ್ಲ, ಮಗಳು ಅಪ್ಪನಿಗೆ ಹೇಳಬೇಡ ಅನ್ನುತ್ತಾಳೆ, ನಡುವೆ ನಾನೊಬ್ಬಳು ಅಂಚೆಪೆಟ್ಟಿಗೆ, ಬೀಗ ಹಾಕಿದ್ದು. ಗೇಟು ದಾಟಿ, ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಅಣ್ಣ ಎದ್ದು ಬಂದು ಕಿಟಕಿಗೆ ಬಗ್ಗಿ, "ರಸ್ತೆ ಹೇಗಿತ್ತು?" ಅಂದ.

"ಒಳಗೆ ಕೂತ್ಕೋ," ಅಂದೆ. ಕೂತ. ಹೇಳಿದೆ. ಹೇಳಬೇಡ ಅಂದದ್ದನ್ನೂ ಹೇಳಿದೆ, ಅವಳ ಮಾತಿನಲ್ಲೇ ಹೇಳಿದೆ: ಅಮ್ಮನ ಪಾಲಿಗೆ ನಾನು ಕರೆದರೂ ಬಾರದೆ ಇದ್ದವಳು.

ಅವನು ಬೆಚ್ಚಿ ಬೀಳುತ್ತಾನೆ ಅಂದುಕೊಂಡಿದ್ದೆ. ಬೀಳಲಿಲ್ಲ. ಮುಂದಿನ ಗಾಜನ್ನೇ ನೋಡುತ್ತ, "ಗೊತ್ತು," ಅಂದ.

"ಏನು ಗೊತ್ತು?"

"ಬುಧವಾರ ಬೆಳಗ್ಗೆ ನೀನು ಬಟ್ಟೆ ತರೋಕೆ ಹೋಗಿದ್ದೆ. ನಿಮ್ಮತ್ತಿಗೆ ಬಾಗಿಲು ನೋಡ್ತಾ ಇದ್ಲು. ಆಮೇಲೆ ನನ್ನ ಕಡೆ ತಿರುಗಿ, ಪಾಪ, ರಜ ಸಿಕ್ಕಿಲ್ಲ ಅನ್ಸುತ್ತೆ, ಬಂದಾಗ ಬೈಬೇಡಿ ಅವಳಿಗೆ ಅಂದ್ಲು." ಅಣ್ಣ ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. "ಅದೇ ಕೊನೇ ಮಾತು. ಅದನ್ನ ಹೇಗೆ ಹೇಳ್ಲಿ ಅವಳಿಗೆ? ಹೇಳಿದ್ರೆ ಮಿಕ್ಕಿದ್ದೆಲ್ಲ ಹೇಳ್ಬೇಕು."

ನನಗೆ ಆಗ ಅಳು ಬಂತು. ಎಂಟು ತಿಂಗಳಾದ ಮೇಲೆ, ಸಂಜೆ ಬಿಸಿಲಿನಲ್ಲಿ, ಕಾವಲಿನವನು ನೋಡುತ್ತಿರುವಾಗ, ಮೂಗು ಸೋರಿಸಿಕೊಂಡು ಅತ್ತುಬಿಟ್ಟೆ. ಅಳುತ್ತಲೇ ಸಣ್ಣಿಯ ನಂಬರು ಒತ್ತಿ ಫೋನನ್ನು ಅಣ್ಣನ ಅಂಗೈಗೆ ಇಟ್ಟೆ. ಆ ಕಡೆಯಿಂದ, "ಅತ್ತೆ, ಗೇಟು ದಾಟಿದ್ರಾ?" ಅನ್ನುವುದು ಕೇಳಿಸಿತು.

ಅವನು ಫೋನನ್ನು ಕಿವಿಗೆ ಇಟ್ಟುಕೊಂಡ.

"ಸಣ್ಣೀ, ನಾನು, ಅಪ್ಪ. ಇಡ್ಬೇಡ," ಅಂದ. "ನಿಮ್ಮಮ್ಮ ನಿನ್ನ ವಿಷಯ ಒಂದು ಮಾತು ಹೇಳಿ ಹೋಗಿದಾಳೆ. ಅದನ್ನ ನಾನು ಇಷ್ಟು ದಿನ ನನ್ನ ಹತ್ರಾನೇ ಇಟ್ಕೊಂಡಿದ್ದೆ."